ಮನೆಯಲ್ಲೇ ಜಾಝ್ ಗಿಟಾರ್ ರೆಕಾರ್ಡಿಂಗ್: ದನಿ ಬೆಚ್ಚಗಿರಲಿ

ಬೆಚ್ಚಗಿನ ದನಿ ಬೇಕೆಂದು ಟೋನ್ ನಾಬನ್ನು ಸೊನ್ನೆಗೆ ತಿರುಗಿಸಿದರೆ ಗಿಟಾರ್ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಮೊದಲು ತಂತಿ ಬದಲಿಸಿ: ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ, ನುಣುಪು ಮೈಯ ತಂತಿ), 12ರ ಸೆಟ್, ಅಂದರೆ ಅತಿ ತೆಳು ತಂತಿ 0.012 ಇಂಚು. ಬೆರಳು ಜಾರುವಾಗಿನ ಕಿರ್ ಸದ್ದು ಅಲ್ಲೇ ಬಹುಪಾಲು ಅಡಗುತ್ತದೆ. ನೆಕ್ ಪಿಕಪ್ (ಗಿಟಾರಿನ ಕುತ್ತಿಗೆಯ ಬಳಿ ತಂತಿಯ ಮಿಡಿತ ಹಿಡಿಯುವ ಭಾಗ) ಹಾಕಿ, ಟೋನ್ 5ರ ಆಸುಪಾಸಿನಲ್ಲಿರಲಿ. ಪಿಕ್ ಬದಿಗಿಟ್ಟು ಹೆಬ್ಬೆರಳಿನಿಂದ ನುಡಿಸಿ ನೋಡಿ. ಅಮೆರಿಕದ ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ನುಡಿಸುತ್ತಿದ್ದದ್ದೇ ಹಾಗೆ.

ಮೈಕನ್ನು ನಾನು ಆಂಪಿನಿಂದ ಒಂದು ಗೇಣು ದೂರದಲ್ಲಿ, ಸ್ಪೀಕರಿನ ನಡುವಿಗಲ್ಲ, ಅಂಚಿನ ಕಡೆಗೆ ಇಡುತ್ತೇನೆ. ಫ್ಯಾನ್ ಆಫ್. ಏಪ್ರಿಲ್ ಸೆಖೆಯಲ್ಲಿ ಇಡೀ ಕೆಲಸದಲ್ಲಿ ಕಷ್ಟದ್ದು ಇದೇ! ರೆಕಾರ್ಡಿಂಗ್ ಮೀಟರಿನಲ್ಲಿ ಲೆವೆಲ್ ಮೈನಸ್ 12 ಡೆಸಿಬೆಲ್ ದಾಟದಿರಲಿ.

ಒಬ್ಬರೇ ನುಡಿಸುವಾಗ ಬಾಸ್ ಕೂಡ ನಿಮ್ಮದೇ. ದಪ್ಪ ಇ ತಂತಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಈಕ್ವಲೈಜರ್‌ನಲ್ಲಿ (ದನಿಯ ಏರಿಳಿತದ ಪಟ್ಟಿಗಳನ್ನು ಹೆಚ್ಚು-ಕಡಿಮೆ ಮಾಡುವ ಸಾಧನ) ಅದಕ್ಕೆ ಕತ್ತರಿ ಹಾಕಬೇಡಿ. ಗುಂಯ್‌ಗುಟ್ಟಿದರೆ 250 ಹರ್ಟ್ಸ್ ಬಳಿ 2-3 ಡೆಸಿಬೆಲ್ ಇಳಿಸಿ. ರಿವರ್ಬ್ (ಕೋಣೆಯ ಮಾರ್ದನಿಯಂಥ ಪರಿಣಾಮ) ಕೊನೆಗೆ, ಚೂರೇ ಚೂರು.