ಕೆನಡಾದ ಕೆಲಸಕ್ಕೆ ತಯಾರಿ ಧಾರವಾಡದಲ್ಲೇ ಶುರುವಾಗಲಿ

ಕೆನಡಾದ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿ, ಬಂತು ಅಂದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ಶೇಂಗಾ ಚಟ್ನಿ ಕುಟ್ಟುವ, ಸ್ವೆಟರ್ ಕೊಳ್ಳುವ ಗಡಿಬಿಡಿ. ಕೆಲಸದ ವಿಚಾರ ಮಾತ್ರ ಅಲ್ಲಿಗೆ ಹೋದಮೇಲೆ ನೋಡಿದರಾಯ್ತು ಅಂತ ಬಿಡುತ್ತೇವೆ. ಹಾಗೆ ಬಿಡಬೇಡಿ.

ಮೊದಲು ಪದವಿಯ ಕಾಗದ. ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ಪಿಆರ್ ಪದ್ಧತಿಯಲ್ಲಿ ಅರ್ಜಿ ಹಾಕಿದವರ ಪದವಿಯ ಮೌಲ್ಯಮಾಪನ, ಅಂದರೆ ಇಸಿಎ, ಸಾಮಾನ್ಯವಾಗಿ ಆಗಿರುತ್ತದೆ. ಜೊತೆಗೆ ಹೋಗುವ ಹೆಂಡತಿಯದ್ದು ಎಷ್ಟೋ ಸಲ ಆಗಿರುವುದಿಲ್ಲ. ನನ್ನ ತಂಗಿಗೆ ಹೀಗೇ ಆಯಿತು. ಎಂ.ಎಸ್ಸಿ. ಓದಿದವಳು, ಟೊರೊಂಟೊದಲ್ಲಿ ಕೂತು ಧಾರವಾಡದ ಅಂಕಪಟ್ಟಿಗಾಗಿ ಪರದಾಡಿದಳು. ಅವಳ ಪರವಾಗಿ ಅಪ್ಪ ಮೂರು ಸಲ ಓಡಾಡಿದರು. ಒಂದು ಸಲವಂತೂ ಅವಳ ಒಪ್ಪಿಗೆ ಪತ್ರ ಒಯ್ಯುವುದನ್ನೇ ಮರೆತಿದ್ದರು. ಡಬ್ಲ್ಯುಇಎಸ್‌ನಂಥ, ಈ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಹೋಗಬೇಕು, ಮನೆಯಲ್ಲಿರುವ ಝೆರಾಕ್ಸ್ ನಡೆಯುವುದಿಲ್ಲ. ಕರ್ನಾಟಕ ವಿವಿಯಾದರೆ ಪಾವಟೆ ನಗರಕ್ಕೆ, ವಿಟಿಯು ಆದರೆ ಬೆಳಗಾವಿಗೆ ಈಗಲೇ ಹೋಗಿ ಬನ್ನಿ.

ಹೋಗುವ ಮುಂಚೆ ಹೆಸರು ನೋಡಿಕೊಳ್ಳಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ. ಮದುವೆಯಾದ ಮೇಲೆ ಅಡ್ಡಹೆಸರೇ ಬೇರೆ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಇಲ್ಲೇ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ಆಮೇಲೆ ಅನುಭವ ಪತ್ರ. ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಸಣ್ಣ ಕಾರ್ಖಾನೆಯಲ್ಲಿ ದುಡಿದವರಿಗೆ ಸಿಗುವುದು ‘ಒಳ್ಳೆಯ ನಡತೆಯವರು’ ಅನ್ನುವ ಎರಡು ಸಾಲು. ಅದು ಸಾಲದು. ಲೆಟರ್‌ಹೆಡ್ ಮೇಲೆ ಹುದ್ದೆ, ತಾರೀಖು, ವಾರಕ್ಕೆ ಎಷ್ಟು ಗಂಟೆ, ಸಂಬಳ, ದಿನಾ ಏನೇನು ಮಾಡುತ್ತಿದ್ದಿರಿ, ಎಲ್ಲ ಬರಬೇಕು. ಸಾಹೇಬರಿಗೆ ಪುರುಸೊತ್ತು ಇರಲ್ಲ ಅಲ್ವಾ, ಕರಡು ನೀವೇ ಬರೆದುಕೊಂಡು ಹೋಗಿ.

ನಿಮ್ಮ ವೃತ್ತಿಗೆ ಲೈಸೆನ್ಸ್ ಬೇಕೇ ನೋಡಿ. ನರ್ಸ್, ಶಿಕ್ಷಕರು, ಎಂಜಿನಿಯರುಗಳಿಗೆ ಪ್ರಾಂತ್ಯಕ್ಕೊಂದು ನಿಯಮ. ಒಂಟಾರಿಯೊದಲ್ಲಿ ಎಂಜಿನಿಯರ್ ಲೈಸೆನ್ಸಿಗೆ ಕೆನಡಾದ್ದೇ ಅನುಭವ ಬೇಕು ಅನ್ನುವ ಷರತ್ತನ್ನು 2023ರಲ್ಲಿ ತೆಗೆದರು. ಯಾವ ಊರಿಗೆ ಹೋಗಬೇಕು ಅನ್ನುವುದನ್ನು ಇಂಥ ವಿಷಯ ನೋಡಿ ನಿರ್ಧರಿಸಿ, ಬರೀ ಪರಿಚಯದವರು ಇದ್ದಾರೆ ಅಂತಲ್ಲ.

ನಮ್ಮ ಬಯೋಡೇಟಾ ತಂದೆಯ ಹೆಸರಿನಿಂದ ಶುರುವಾಗಿ ‘ಮೇಲಿನದೆಲ್ಲ ಸತ್ಯ, ಸ್ಥಳ: ಹುಬ್ಬಳ್ಳಿ’ ಅಂತ ಸಹಿಯಲ್ಲಿ ಮುಗಿಯುತ್ತದೆ. ಅಲ್ಲಿ ಅದೆಲ್ಲ ಬೇಡ. ಫೋಟೊ, ಹುಟ್ಟಿದ ದಿನ, ಧರ್ಮ, ಮದುವೆ ಯಾವುದೂ ಹಾಕಬೇಡಿ. ಎರಡು ಪುಟದೊಳಗೆ ಮುಗಿಸಿ. ಸರ್ಕಾರದ ಜಾಬ್ ಬ್ಯಾಂಕ್ ತಾಣದಲ್ಲಿ ನಿಮ್ಮ ಕೆಲಸಕ್ಕೆ ಅಲ್ಲಿ ಏನನ್ನುತ್ತಾರೆ ನೋಡಿ, ಅದೇ ಪದ ಬಳಸಿ.

ಮಾತಿನ ಅಭ್ಯಾಸವೂ ಬೇಕು. ನಮ್ಮವರು ಒಬ್ಬರೇ ಮಾಡಿದ್ದಕ್ಕೂ ‘ನಾವು ಮಾಡಿದ್ವಿ’ ಅನ್ನುತ್ತಾರೆ. ಇದು ನಮ್ಮ ನಯ, ಇಲ್ಲಿ ಚಂದ. ಸಂದರ್ಶನದಲ್ಲಿ ಮಾತ್ರ ಎದುರಿನವರಿಗೆ ನಿಮ್ಮ ಪಾಲು ಯಾವುದು ಅಂತಲೇ ತಿಳಿಯುವುದಿಲ್ಲ. ‘ಆ ಮೆಷಿನ್ ನಾನು ಕೂಡಿಸಿದೆ’ ಅಂತ ಹೇಳಿ ರೂಢಿ ಮಾಡಿಕೊಳ್ಳಿ.

ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಅಲ್ಲಿ ಕೆಲಸ ಮಾಡಲು ಬೇಕಾಗುವ, ಇಳಿದ ಮೇಲೆ ಪಡೆಯಬೇಕಾದ 9 ಅಂಕಿಯ ಸಿನ್ (ಸೋಶಿಯಲ್ ಇನ್ಶೂರೆನ್ಸ್) ನಂಬರಿಗೂ ಶುಲ್ಕವಿಲ್ಲ. ಕೆಲಸಕ್ಕೆ ಸೇರುವ ತನಕ ಆ ನಂಬರನ್ನು ಯಾವ ಕಂಪನಿಗೂ ಕೊಡುವುದು ಬೇಡ.

ಮೂಲ ಅಂಕಪಟ್ಟಿಗಳನ್ನು ಚಟ್ನಿಪುಡಿಯ ದೊಡ್ಡ ಬ್ಯಾಗಿನಲ್ಲಿ ಹಾಕಬೇಡಿ. ಒಂದು ಫೈಲ್ ಮಾಡಿ, ವಿಮಾನದೊಳಗೆ ಒಯ್ಯುವ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸ್ಕ್ಯಾನ್ ಪ್ರತಿ ಮನೆಯಲ್ಲಿ ಒಬ್ಬರ ಹತ್ತಿರ ಇರಲಿ.