ಹಾರ ಹೊರಗೆ ಕೊಡಲಿಲ್ಲ, ಮಣಿ ಕೊಟ್ಟೆ

ಕೈಕೆಲಸದ ಒಡವೆ ಅಂತ ಮಾರಿ, ಕೆಲಸ ಹೊರಗೆ ಕೊಟ್ಟರೆ ಹೆಸರು ಕೆಡುತ್ತೆ ಅಂತ ಹೇಳದವರಿಲ್ಲ. ಡಿಸೈನ್ ಕದೀತಾರೆ ಅಂದವರು ಇನ್ನೂ ಜಾಸ್ತಿ. ನಾನು ಮಾಡುವುದು ಮರದ ಮಣಿಯ ಹಾರ, ಅದರ ಮಣಿಗಳೆಲ್ಲ ಈಗ ಚನ್ನಪಟ್ಟಣದಿಂದ ಬರುತ್ತವೆ. ಒಬ್ಬಳೇ ಕೂತು ತಿಂಗಳಿಗೆ 40 ಹಾರ ಮಾಡುತ್ತಿದ್ದವಳು, ಈಗ 300ರ ಹತ್ತಿರ ಕಳಿಸುತ್ತೇನೆ. ವಾಪಸ್ ಬರುವುದು ನೂರಕ್ಕೆ ಎರಡೂ ಇಲ್ಲ.

ಮೊದಲು ಎಲ್ಲರಂತೆ ಪೂರ್ತಿ ಹಾರವನ್ನೇ ಒಂದು ಯೂನಿಟ್‌ಗೆ ಕೊಟ್ಟಿದ್ದೆ. ಸ್ಯಾಂಪಲ್ ಚೆನ್ನಾಗಿತ್ತು. ಲಾಟ್ ಬಂದಾಗ ತೂತುಗಳು ಒಂದು ಕಡೆ ವಾಲಿದ್ದವು, ಕತ್ತಿಗೆ ಹಾಕಿದರೆ ಮಣಿ ಸಾಲಾಗಿ ಕೂರುತ್ತಿರಲಿಲ್ಲ. ಹಳದಿ ಒಂದೊಂದು ಮಣಿಯಲ್ಲಿ ಒಂದೊಂದು ಥರ. ಸುಮಾರು 30 ಸಾವಿರ ಅಡ್ವಾನ್ಸ್ ಹೋಯಿತು, ಗೌರಿ ಹಬ್ಬದ ವ್ಯಾಪಾರವೂ ಹೋಯಿತು. ಆಮೇಲೆ ಇಬ್ಬರು ಹುಡುಗಿಯರನ್ನು ತಿಂಗಳ ಸಂಬಳಕ್ಕೆ ಇಟ್ಟು ನೋಡಿದೆ. ಹಬ್ಬದ ಮುಂಚೆ ಕೈ ಸಾಲದು, ಆಷಾಢದಲ್ಲಿ ಕೆಲಸವೇ ಇಲ್ಲ. ಸಂಬಳ ಮಾತ್ರ ಎರಡೂ ಸಮಯಕ್ಕೆ ಅಷ್ಟೇ.

ಕೊನೆಗೆ ಹಾರದ ಕೆಲಸವನ್ನೇ ಬಿಡಿಬಿಡಿ ಮಾಡಿ ಹಂಚಿದೆ. ಮಣಿ ತಿರುಗಿಸುವುದು, ಅಂದರೆ ಮರವನ್ನು ಲೇತ್‌ನಲ್ಲಿ ತಿರುಗಿಸಿ ಮಣಿ ಮಾಡುವುದು, ಚನ್ನಪಟ್ಟಣದ ಒಬ್ಬರು ಭಾಯ್. ಪೋಣಿಸುವುದು ನಮ್ಮ ಬಡಾವಣೆಯ ನಾಲ್ಕೈದು ಹೆಂಗಸರು, ಅವರವರ ಮನೆಯಲ್ಲೇ. ಕೊಂಡಿ, ಪದಕ, ಪ್ಯಾಕಿಂಗ್ ನನ್ನದು. ಪೂರ್ತಿ ಹಾರ ನನ್ನ ಮೇಜಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಕದಿಯೋದಾದರೂ ಏನನ್ನ?

ಎಲ್ಲಕ್ಕಿಂತ ಕೈಹಿಡಿದದ್ದು ಒಂದು ಅಕ್ರಿಲಿಕ್ ತುಂಡು. ಲೇಸರ್ ಕಟಿಂಗ್ ಅಂಗಡಿಯಲ್ಲಿ ಅದಕ್ಕೆ ಎರಡು ತೂತು ಮಾಡಿಸಿದೆ. 12 ಮಿ.ಮೀ. ಮಣಿಗೆ ಒಂದು ತೂತು ಹನ್ನೆರಡೂವರೆ, ಇನ್ನೊಂದು ಹನ್ನೊಂದೂವರೆ. ದೊಡ್ಡದರಲ್ಲಿ ಮಣಿ ದಾಟಬೇಕು, ಚಿಕ್ಕದರಲ್ಲಿ ನಿಲ್ಲಬೇಕು. ಒಂದು ತುಂಡು ಭಾಯ್ ಹತ್ತಿರ, ಅದರದೇ ಜೋಡಿ ನನ್ನ ಹತ್ತಿರ. ಇನ್ನೂರು ರೂಪಾಯಿಯೂ ಆಗಲಿಲ್ಲ. ಅವತ್ತಿಂದ ಅಳತೆಯ ಜಗಳ ನಿಂತಿತು. ಬಣ್ಣಕ್ಕೂ ಹಾಗೇ ಒಂದು ನಿಯಮ ಮಾಡಿದೆ. ಮಣಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಇಡೀ ಆರ್ಡರ್‌ಗೆ ಬೇಕಾದ ಅರಗನ್ನು ಬಣ್ಣ ಹಾಕಿ ಒಂದೇ ಸಲ ನಾದಿಸುತ್ತೇನೆ. ಅರ್ಧಕ್ಕೆ ಕಡ್ಡಿ ಮುಗಿದು ಹೊಸದು ಮಾಡಿದರೆ ಹಳದಿ ಖಂಡಿತ ಬದಲಾಗುತ್ತದೆ.

ಭಾಯ್ ಮಣಿಗೆ ನಾಲ್ಕು ರೂಪಾಯಿ ಕೇಳಿದರು, ನಾನು ಐದು ಕೊಟ್ಟೆ. ಗೇಜ್‌ಗೆ, ಅಂದರೆ ಆ ಅಕ್ರಿಲಿಕ್ ತುಂಡಿನ ಅಳತೆಗೆ, ಸರಿ ಬರದ ಮಣಿಗೆ ದುಡ್ಡಿಲ್ಲ ಅಂತ ಮೊದಲೇ ಮಾತು. ರೇಟ್ ಹಿಂಡಿದವರ ಆರ್ಡರ್ ಹಬ್ಬದ ಸಮಯದಲ್ಲಿ ಭಾಯ್ ಪಟ್ಟಿಯಲ್ಲಿ ಕೆಳಕ್ಕೆ ಹೋಗುತ್ತದೆ, ನನ್ನದು ಮೇಲಿರುತ್ತದೆ. ಅಷ್ಟೇ ಅಲ್ಲ, ಒಂದು ಸಲ ಅವರೇ ಫೋನ್ ಮಾಡಿದರು: "ಮೇಡಂ, ಹಾಲೆ ಮರ ಇನ್ನೂ ಹಸಿ ಇದೆ. ಈಗ ತಿರುಗಿಸಿದರೆ ಒಣಗಿದ ಮೇಲೆ ಮಣಿ ಕೋಳಿಮೊಟ್ಟೆ ಆಗುತ್ತೆ. ತಡೀರಿ." ಇಂಥ ಫೋನ್ ಚೌಕಾಸಿ ಮಾಡಿದವರಿಗೆ ಬರಲ್ಲ. ಒಣಗಲು ಸಮಯ ಸಿಗಲಿ ಅಂತ ಈಗ ಮರಕ್ಕೆ ಮೂರು ತಿಂಗಳು ಮುಂಚೆಯೇ ದುಡ್ಡು ಕೊಟ್ಟಿರುತ್ತೇನೆ.

ಪೋಣಿಸಲು ಹಾರಕ್ಕೆ 35 ರೂಪಾಯಿ. ಮಣಿ, ದಾರ, ಕೊಂಡಿ, ಡಬ್ಬಿ ಎಲ್ಲ ಸೇರಿ 260ರ ಸುಮಾರು ಬೀಳುತ್ತದೆ. ಮಾರುವುದು 650ಕ್ಕೆ. ಹಾರದ ಜೊತೆ ಕೊಡುವ ಕಾರ್ಡಿನಲ್ಲಿ "ಮಣಿ: ಚನ್ನಪಟ್ಟಣ" ಅಂತಲೇ ಹಾಕಿಸಿದ್ದೇನೆ. ಹೆಸರು ಕೆಡಲಿಲ್ಲ, ಆ ಸಾಲು ನೋಡಿಯೇ ಕೊಳ್ಳುವವರಿದ್ದಾರೆ. ಗಂಟು ಬಿಚ್ಚದ ಹಾಗೆ ದಾರಕ್ಕೆ ಏನು ಹಚ್ಚುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ.

ನಡುವೆ ಕೆಲವು ಹಾರ ಕತ್ತಿನ ಹಿಂಭಾಗದಲ್ಲಿ ಅಂಟಂಟು ಅಂತ ವಾಪಸ್ ಬಂದವು. ಬೆವರು ಇರಬಹುದು ಅಂತ ಮಣಿಗಳನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟೆ, ಏನೂ ಆಗಲಿಲ್ಲ. ಸೆಂಟು ಹೊಡೆದೆ, ಹೊಳಪು ಹೋಗಿ ಬಣ್ಣ ಬೆರಳಿಗೆ ಹತ್ತಿತು. ಸೆಂಟಿನಲ್ಲಿ ಸ್ಪಿರಿಟ್ ಇರುತ್ತೆ, ಅರಗು ಸ್ಪಿರಿಟ್‌ಗೆ ಕರಗುತ್ತದಲ್ವಾ! ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಿದರೂ ಅದೇ ಕಥೆ. ಸೆಂಟು ಒಣಗಿದ ಮೇಲೆ ಹಾರ ಹಾಕಿ ಅಂತ ಕಾರ್ಡಿನಲ್ಲಿ ಸೇರಿಸಿದೆ, ದೂರು ನಿಂತಿತು.

ಬಳೆಯನ್ನು ಇನ್ನೂ ಹೊರಗೆ ಕೊಟ್ಟಿಲ್ಲ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಸೈಜಿಗೊಂದು ಗೇಜ್ ಬೇಕು. ಮೊದಲು ಎರಡು-ಆರು ಒಂದನ್ನೇ ಕೊಟ್ಟು ನೋಡುತ್ತೇನೆ, ಜಾಸ್ತಿ ಹೋಗೋದು ಅದೇ.