ದೀಪಾವಳಿಗೆ ಬಿಡಿಸಿದ ಹತ್ತಿ

ನನ್ನ ಕಾದಂಬರಿಯ 72ನೇ ಪುಟದಲ್ಲಿ ನೀಲವ್ವ ಬಲಿಪಾಡ್ಯದ ಮರುದಿನ ಹತ್ತಿ ಬಿಡಿಸಲು ಎರಿ ಹೊಲಕ್ಕೆ ಹೋಗುತ್ತಾಳೆ. ಇಸವಿ 1863. ಆ ಪುಟವನ್ನು ಒಂಬತ್ತು ಸಲ ತಿದ್ದಿದ್ದೆ. ಅಚ್ಚಿಗೆ ಹೋಗುವ ಮೊದಲು ನಾಲ್ಕು ಜನ ಗೆಳೆಯರು ಓದಿದ್ದರು, ಅದರಲ್ಲಿ ಇಬ್ಬರು ಇತಿಹಾಸದ ಪ್ರಾಧ್ಯಾಪಕರು. ಯಾರೂ ಕಮಕ್ ಕಿಮಕ್ ಅಂದಿರಲಿಲ್ಲ. ಅದರ ಬಣ್ಣ ಬಯಲಾದದ್ದು ಗದಗಿನ ಒಂದು ಗ್ರಂಥಾಲಯದಲ್ಲಿ, ನಾನೇ ಅದನ್ನು ಗಟ್ಟಿಯಾಗಿ ಓದಿದ ಮೇಲೆ.

ಗ್ರಂಥಾಲಯ ಸಪ್ತಾಹ ನಡೆಯುವುದು ನವೆಂಬರ್ 14ರಿಂದ 20ರವರೆಗೆ. ಹಬ್ಬ ಮುಗಿದ ವಾರಕ್ಕೆ ಫೋನು ಬಂತು. 'ಸರ, ಹೊಸ ಐತಿಹಾಸಿಕ ಕಾದಂಬರಿ ಅಂತ ವಿಷಯ ಹಾಕೇನ್ರಿ. ನಲವತ್ತು ನಿಮಿಷ ಮಾತಾಡ್ರಿ, ಆಮ್ಯಾಲೆ ಚಾ ಐತಿ' ಎಂದರು ಗ್ರಂಥಪಾಲಕರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಭಾಷಣ ಅಂದರೆ ಹೆದರಿಕೆ. ಹದಿನಾಲ್ಕು ಪುಟ ಬರೆದುಕೊಂಡೆ. ಧಾರವಾಡದಿಂದ ಹುಬ್ಬಳ್ಳಿ, ಅಲ್ಲಿಂದ ಅಣ್ಣಿಗೇರಿ ಹಾದಿ. ಬಸ್ಸಿನ ಕಿಟಕಿಯಾಚೆ ಎರಡೂ ಕಡೆ ಬಿಳಿ ಹತ್ತಿ, ಸೊಂಟಕ್ಕೆ ಅರಿವೆ ಕಟ್ಟಿಕೊಂಡು ಬಿಡಿಸುತ್ತಿದ್ದ ಹೆಣ್ಣುಮಕ್ಕಳು. ನನ್ನ 72ನೇ ಪುಟವೇ ಹೊಲದಲ್ಲಿ ನಿಂತಿದೆ ಅನ್ನಿಸಿ ಒಳಗೊಳಗೇ ಹಿಗ್ಗಿದೆ.

ಮೂವತ್ತೈದು ಕುರ್ಚಿ ಇದ್ದವು. ಅರ್ಧದಷ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಅವರಲ್ಲಿ ಕೆಲವರು ಕೊನೆಯವರೆಗೂ ಗೈಡಿನಿಂದ ತಲೆ ಎತ್ತಲಿಲ್ಲ. ಅದು ತಪ್ಪಲ್ಲ, ಅವರ ಕುರ್ಚಿಗೆ ನಾನೇ ಅತಿಕ್ರಮಣ ಮಾಡಿದ್ದೆ. ಮುಂದಿನ ಸಾಲಿನಲ್ಲಿ ದಿನಾ ಪೇಪರ್ ಓದಲು ಬರುವ ಹಿರಿಯರು. ಬಾಗಿಲ ಹತ್ತಿರ, ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ.

ಎರಡನೇ ಪುಟಕ್ಕೇ ನನ್ನ ಹದಿನಾಲ್ಕು ಪುಟಗಳು ಸತ್ತವು. 'ಕಥನ', 'ಪರ್ಯಾಯ ಚರಿತ್ರೆ' ಎನ್ನುವ ಮಾತು ಬಂದಾಗೆಲ್ಲ ಒಬ್ಬರು ಗಡಿಯಾರ ನೋಡುತ್ತಿದ್ದರು. ಹಾಳೆ ಮಡಚಿಟ್ಟು ಗಳಗನಾಥರಿಂದ ಶುರು ಮಾಡಿದೆ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಹುಟ್ಟಿದ ವೆಂಕಟೇಶ ಕುಲಕರ್ಣಿಯವರು ಐತಿಹಾಸಿಕ ಕಾದಂಬರಿ ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಆ ಕಾದಂಬರಿಗಳಲ್ಲಿ ಅರಸರಿದ್ದರು, ಸೇನಾಪತಿಗಳಿದ್ದರು, ಗೆದ್ದು ಸೋತ ರಾಜ್ಯಗಳಿದ್ದವು. ಕನ್ನಡದವರಿಗೆ ತಮ್ಮದೂ ಒಂದು ಇತಿಹಾಸ ಇದೆಯೆಂದು ಹೇಳಬೇಕಾಗಿದ್ದ ಕಾಲ ಅದು. ನಮ್ಮ ಕಾಲಕ್ಕೆ ಆ ತುರ್ತು ಇಲ್ಲ. ಅರಸನ ಕುದುರೆಗೆ ಮೇವು ತಂದವನು ಆ ದಿನ ಏನು ಉಂಡ ಅನ್ನುವುದು ನಮಗೆ ಬೇಕಾಗಿದೆ. ನನ್ನ ಮಟ್ಟಿಗೆ 'ಹೊಸ' ಅಂದರೆ ಇಷ್ಟೇ.

ಹತ್ತಿಯನ್ನೇ ಯಾಕೆ ಹಿಡಿದೆ ಎಂದೂ ಹೇಳಿದೆ. ಗದಗಿನವರಿಗೆ ಹತ್ತಿಯ ಬಗ್ಗೆ ಹೇಳುವುದು ಮೊಮ್ಮಗ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಹೇಳಿದೆ. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ನಮ್ಮ ಧಾರವಾಡ ಸೀಮೆಯಲ್ಲಿ ಆ ದೇಶದ ಬೀಜ ಬಿತ್ತಿಸಿ ನೋಡಿತ್ತು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರ, ಗರಗಸದ ಹಲ್ಲಿನ ಜಿನ್ನು, ಬಂದದ್ದೂ ಆ ಬೀಜದ ಬೆನ್ನಿಗೇ. ಊರ ಹತ್ತಿಗೆ ಜಿನ್ನು ಬೇಕಿರಲಿಲ್ಲ. ಹೆಂಗಸರು ಮಣೆಯ ಮೇಲೆ ಕೂತು, ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ಬೇರೆ, ಅರಳೆ ಬೇರೆ ಮಾಡುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಯ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲ್ಯಾಂಕಾಶೈರಿನ ಗಿರಣಿಗಳು ಅರಳೆಯಿಲ್ಲದೆ ನಿಂತವು. ಇಲ್ಲಿ ದರ ಏರಿತು. ದರ ಏರಿದ ಮೇಲೆ ಅಂಡಿಗೆಯೊಳಗೆ, ಅಂದರೆ ಅರಳೆ ತುಂಬಿ ಕಟ್ಟಿದ ಮೂಟೆಯೊಳಗೆ, ಮಣ್ಣು, ಕಾಳು, ನೀರು ಸೇರಿಸುವುದೂ ಏರಿತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಕಲಬೆರಕೆ ತಡೆಯಲು ಕಾಯ್ದೆಯನ್ನೇ ತಂದಿತು. ನನ್ನ ನೀಲವ್ವನ ಗಂಡ ಸಿಕ್ಕಿಬೀಳುವುದು ಆ ಕಾಯ್ದೆಯ ಕೈಗೆ.

ಇಷ್ಟು ಕಾಗದದಲ್ಲಿ ಸಿಗುತ್ತದೆ. 1884ರ ಧಾರವಾಡ ಗೆಜೆಟಿಯರಿನಲ್ಲಿ ಹತ್ತಿಗೆ ಕೊಟ್ಟಷ್ಟು ಪುಟ ಹೆಣ್ಣುಮಕ್ಕಳಿಗೆ ಕೊಟ್ಟಿಲ್ಲ. ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿಯನ್ನು ನಾಲ್ಕು ತಿಂಗಳು ಕಲಿತೆ. ಹೆಸರು ಮತ್ತು ಅಂಕಿ ಓದುವಷ್ಟು ಬಂತು, ಅದಕ್ಕಿಂತ ಹೆಚ್ಚು ಬರಲಿಲ್ಲ. ಸಾಲದ ಪತ್ರದಲ್ಲಿ ಗಂಡಸಿನ ಹೆಸರಿರುತ್ತದೆ, ಅಡವಿಟ್ಟ ಬುಗುಡಿ ಯಾರ ಕಿವಿಯದು ಎಂದಿರುವುದಿಲ್ಲ. ಅಲ್ಲಿ ಬೀಸುಕಲ್ಲಿನ ಪದಗಳನ್ನು ಹಿಡಿದು ಹೋದೆ. ಜೊತೆಗೆ ಎರಡು ಕಟ್ಟು ಹಾಕಿಕೊಂಡಿದ್ದೆ. ಗೊತ್ತಿರುವ ತಾರೀಖನ್ನು ಕತೆಯ ಅನುಕೂಲಕ್ಕೆ ಸರಿಸಬಾರದು. ಇತಿಹಾಸದಲ್ಲಿ ಹೆಸರಿರುವವರ ಬಾಯಿಗೆ ನನ್ನ ಮಾತು ತುರುಕಬಾರದು. ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್ 12ರಂದು. ನನ್ನ ಕತೆಗೆ ಐದೇ ವರ್ಷ ಹಿಂದೆ. ಬಹಳ ಆಸೆಯಾಯಿತು, ಆದರೂ ಅವರು ಕಾದಂಬರಿಯೊಳಗೆ ಬರುವುದಿಲ್ಲ. ಸಂತೆಯಲ್ಲಿ ಅವರ ಹೆಸರು ಬಂದಾಗ ಜನ ದನಿ ತಗ್ಗಿಸುತ್ತಾರೆ, ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆಯಿಂದ ಚಾ ಕುಡಿದು ಬರುತ್ತಿದ್ದೆ. ಸಭೆ ಕಿವಿಗೊಟ್ಟಿದ್ದು ನೋಡಿ ಸೊಕ್ಕು ಬಂತು. 'ಮೊದಲನೇ ಕರಡಿನಾಗ ನೀಲವ್ವ ಬಂದವರಿಗೆ ಚಾ ಕೊಡತಿದ್ಲು, ಅದನ್ನ ತಗದು ಮಜ್ಜಿಗಿ ಮಾಡಿದೆ. ಚಿಮಣಿ ತಗದು ಕುಸುಬಿ ಎಣ್ಣಿ ಪಣತಿ ಇಟ್ಟೆ. ಆ ಕಾಲದ್ದಲ್ಲದ ಒಂದ ಸಾಮಾನೂ ನನ್ನ ಪುಸ್ತಕದಾಗ ಸಿಗಂಗಿಲ್ಲ' ಎಂದುಬಿಟ್ಟೆ. ಅದೇ ಉಸಿರಿನಲ್ಲಿ 72ನೇ ಪುಟ ಓದಿದೆ.

ಮೊದಲ ಪ್ರಶ್ನೆ ಎಲ್ಲ ಕಡೆ ಬರುವಂಥದ್ದು: 'ಇದರಾಗ ಖರೇ ಎಷ್ಟು, ಸುಳ್ಳು ಎಷ್ಟು?' ಉತ್ತರ ಹುಡುಕುತ್ತಿದ್ದೆ. ಬಾಗಿಲ ಹತ್ತಿರದಿಂದ ಅಜ್ಜಿ ಕೇಳಿದರು:

'ತಮ್ಮಾ, ಅಕಿ ಯಾವ ಹತ್ತಿ ಬಿಡಸಾಕ ಹೋದ್ಲಪಾ?'

'ಊರ ಹತ್ತಿ, ಯವ್ವಾ. ಜವಾರಿ.'

'ದೀಪಾವಳಿಗೆ ಜವಾರಿ ಹತ್ತಿ ಎಲ್ಲೈತಪಾ? ಮೊಣಕಾಲಿನಷ್ಟೂ ಇರಂಗಿಲ್ಲ. ಸಂಕ್ರಾಂತಿ ದಾಟಿ, ಹೋಳಿ ಹುಣ್ಣಿವಿ ಹೊತ್ತಿಗೆ ಹೊಲ ತುಂಬತೈತಿ. ನಿನ್ನ ನೀಲವ್ವ ಬರೇ ತಪ್ಪಲಾ ಹರಕೊಂಡು ಬಂದಿರಬೇಕು.'

ಗೈಡಿನಿಂದ ತಲೆ ಎತ್ತದಿದ್ದವರೂ ತಲೆ ಎತ್ತಿದರು. ನಗು ನಿಂತ ಮೇಲೆ, ಜಿನ್ನಿನಲ್ಲಿ ದುಡಿದು ನಿವೃತ್ತರಾದ ಒಬ್ಬರು ನನ್ನ ಮೇಲೆ ಕರುಣೆ ತೋರಿ ಬಿಡಿಸಿ ಹೇಳಿದರು. ಬಸ್ಸಿನಿಂದ ನಾನು ಕಂಡದ್ದು ಈಗಿನ ಬಿಟಿ ಹೈಬ್ರಿಡ್. ಮುಂಗಾರಿಗೆ ಬಿತ್ತಿದ್ದು ದಸರೆ ದೀಪಾವಳಿಗೆ ಒಡೆಯುತ್ತದೆ. ನಮ್ಮ ಕಡೆ ಹೈಬ್ರಿಡ್ಡಿನ ಭರಾಟೆ ಎದ್ದದ್ದು 1972ರಲ್ಲಿ ಧಾರವಾಡದಿಂದಲೇ ಬಂದ ವರಲಕ್ಷ್ಮಿ ತಳಿಯ ನಂತರ. ಹಳೆಯ ಕುಮಟಾ ಹತ್ತಿ, ಅದೇ ಕುಲದ ಜಯಧರ, ಇವೆಲ್ಲ ಶ್ರಾವಣ ಭಾದ್ರಪದದಲ್ಲಿ ಬಿತ್ತಿ ಬೇಸಿಗೆಯ ಬಾಯಿಗೆ ಬಿಡಿಸುವಂಥವು. 'ಸರ, ನೀವು ಚಾ ತಗದ್ರಿ, ಬೆಳಿ ಮಾತ್ರ ಈಗಿಂದ ಇಟ್ರಿ' ಎಂದರು.

ರಾತ್ರಿ ಮನೆಗೆ ಬಂದವನೇ ಗೆಜೆಟಿಯರ್ ತೆಗೆದೆ. ಬಿತ್ತುವ ತಿಂಗಳು, ಬಿಡಿಸುವ ತಿಂಗಳು ಎರಡೂ ಅಚ್ಚಾಗಿದ್ದವು. ಅದೇ ಅಧ್ಯಾಯದಲ್ಲಿ ಜಿನ್ನಿನ ಸಾಲುಗಳಿಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಚಾ, ಚಿಮಣಿ ಅನುಮಾನ ಹುಟ್ಟಿಸುವ ಸಾಮಾನು, ಅವನ್ನು ಹುಡುಕಿ ಹುಡುಕಿ ತೆಗೆದೆ. ಹುಟ್ಟಿದಾಗಿನಿಂದ ಕಿಟಕಿಯಲ್ಲಿ ಕಂಡ ಹತ್ತಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ತಪ್ಪು ಒಂದು ಹಬ್ಬದ ಹೆಸರಿನದಷ್ಟೇ ಆಗಿದ್ದರೆ ತಿದ್ದಿ ಮಲಗಬಹುದಿತ್ತು. ನನ್ನ ಕತೆಯಲ್ಲಿ ಚಕ್ಕಡಿಗಳು ನವೆಂಬರಿನ ಮಂಜಿನಲ್ಲಿ, ನಿಧಾನವಾಗಿ, ಹಾಡು ಹೇಳುತ್ತ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತವೆ. ಹತ್ತಿ ಬಿಡಿಸುವುದೇ ಫೆಬ್ರುವರಿ, ಮಾರ್ಚ್ ಅಂದಮೇಲೆ ಆ ಮಂಜೂ ಸುಳ್ಳು, ನಿಧಾನವೂ ಸುಳ್ಳು. ಕಾಳು ತೆಗೆದು ಅಂಡಿಗೆ ಕಟ್ಟಿ ಹೊರಡುವ ಹೊತ್ತಿಗೆ ಏಪ್ರಿಲ್, ಮೇ. ತಲೆಯ ಮೇಲೆ ಮಳೆ. ಮಳೆ ಹಿಡಿದರೆ ಘಟ್ಟದ ಹಾದಿ ಕೆಸರು, ಸಮುದ್ರದಲ್ಲಿ ಪತ್ತೆಮಾರಿ ಹಾಯಿಹಡಗು ಇಲ್ಲ. ಮಾಲು ಉಳಿದರೆ ನಾಲ್ಕು ತಿಂಗಳು ಸಾಹುಕಾರನ ಬಡ್ಡಿ ಬೆಳೆಯುತ್ತದೆ. ಎತ್ತುಗಳನ್ನು ಹೊಡೆದು ಹೊಡೆದು ಓಡಿಸಬೇಕಾದ ಹಾದಿಯಲ್ಲಿ ನಾನು ಹಾಡು ಹಾಡಿಸಿದ್ದೆ.

ಇನ್ನೂ ಒಂದಿದೆ, ಅದು ನೆನಪಾದಾಗೆಲ್ಲ ಕೈ ಕೈ ಹಿಸುಕಿಕೊಳ್ಳುತ್ತೇನೆ. ಅಮೆರಿಕದ ಯುದ್ಧ ಮುಗಿಯುತ್ತ ಬಂದದ್ದು 1865ರ ಏಪ್ರಿಲಿನಲ್ಲಿ. ಸುದ್ದಿ ಬಂದಂತೆ ಮುಂಬಯಿಯಲ್ಲಿ ದರ ಬಿತ್ತು. ಅಂದರೆ ಆ ವರ್ಷದ ಹತ್ತಿ ಹಾದಿಯ ಮೇಲೆ ಇರುವಾಗಲೇ. ನನ್ನ ಕಾದಂಬರಿಯಲ್ಲಿ ನೀಲವ್ವನ ಗಂಡನಿಗೆ ದರ ಬಿದ್ದ ಸುದ್ದಿ ಮನೆಯ ಕಟ್ಟೆಯ ಮೇಲೆ ಕೂತಾಗ ಸಿಗುತ್ತದೆ, ಹತ್ತಿಯೆಲ್ಲ ಮಾರಿ ತಿಂಗಳುಗಟ್ಟಲೆ ಆದ ಮೇಲೆ. ಘಟ್ಟದ ನಡುವೆ, ಮುಂದೆ ಹೋಗಲೂ ಆಗದೆ ಹಿಂದೆ ತಿರುಗಲೂ ಆಗದೆ ನಿಂತ ಚಕ್ಕಡಿಯ ಮೇಲೆ ಸಿಗಬೇಕಾಗಿತ್ತು. ಆ ಅಜ್ಜಿಯನ್ನು ಎರಡು ವರ್ಷ ಮೊದಲು ಕಂಡಿದ್ದರೆ!

ಈಗ ಎರಡನೇ ಮುದ್ರಣಕ್ಕೆ ಆರು ಅಧ್ಯಾಯ ಹೊಸದಾಗಿ ಬರೆಯುತ್ತಿದ್ದೇನೆ. ಕರಡನ್ನು ಮೊದಲು ಪ್ರಾಧ್ಯಾಪಕರಿಗೆ ಕೊಡುವುದಿಲ್ಲ. ಹೊಲ ಮಾಡಿದವರ ಮುಂದೆ ಗಟ್ಟಿಯಾಗಿ ಓದುತ್ತೇನೆ, ನಡುವೆ ಬಾಯಿ ಹಾಕಿದರೆ ನಿಲ್ಲಿಸಿ ಬರೆದುಕೊಳ್ಳುತ್ತೇನೆ. ಕಳೆದ ವಾರ ಒಬ್ಬರು ಚಕ್ಕಡಿಯ ಕೀಲಿನ ಬಗ್ಗೆ ಮುಕ್ಕಾಲು ತಾಸು ಹೇಳಿದರು. ಅದರಲ್ಲಿ ಒಂದು ಸಾಲು ಪುಸ್ತಕಕ್ಕೆ ಬಂತು.

ಅಂದು ಸಭೆ ಮುಗಿದ ಮೇಲೆ ನಡೆದದ್ದು ಒಂದು ಉಳಿಯಿತು. ಕಪಾಟಿನಲ್ಲಿ ನನ್ನ ಕಾದಂಬರಿಯ ಒಂದು ಪ್ರತಿ ಇತ್ತು. ನಾಚಿಕೆ ತಡೆಯಲಾಗದೆ 72ನೇ ಪುಟ ತೆಗೆದು, 'ದೀಪಾವಳಿ' ಹೊಡೆದು ಹಾಕಲು ಜೇಬಿನಿಂದ ಪೆನ್ನು ತೆಗೆದೆ. ಗ್ರಂಥಪಾಲಕರು ಚಾದ ಕಪ್ಪು ಹಿಡಿದುಕೊಂಡೇ ಓಡಿ ಬಂದರು.

'ಸರ, ಸರ, ಗ್ರಂಥಾಲಯದ ಪುಸ್ತಕದಾಗ ಏನೂ ಬರೀಬಾರದ್ರಿ.'

'ನಾನ ಬರದ ಪುಸ್ತಕರಿ ಇದು.'

'ಇರಲಿ ಸರ. ಸಿಕ್ಕಾ ಬಿದ್ದೈತ್ರಿ.'